ಫ್ಯಾನು ಬಂದ ಮೇಲೆ ಮಳೆ ಹೋಯಿತೇ?

ಮಿರಗದ ಮಳೆ ಕೈಕೊಟ್ಟ ಒಂದು ವರ್ಷ ಡಂಬಳದ ಚಹಾದಂಗಡಿಯ ಮುಂದೆ ಕುಳಿತಿದ್ದೆ. ಪಡುವಣದಿಂದ ಮೋಡಗಳು ಹಿಂಡುಹಿಂಡಾಗಿ ಬರುತ್ತಿದ್ದವು, ಒಂದು ಹನಿಯನ್ನೂ ಉದುರಿಸದೆ ಮುಂಡರಗಿ ಕಡೆಗೆ ಓಡುತ್ತಿದ್ದವು. ಕಪ್ಪತಗುಡ್ಡದ ಬೆನ್ನ ಮೇಲೆ ಸಾಲಾಗಿ ನಿಂತ ಬಿಳಿ ರೆಕ್ಕೆಗಳು ಮಾತ್ರ ಬಿಡುವಿಲ್ಲದೆ ತಿರುಗುತ್ತಿದ್ದವು. ಪಕ್ಕದಲ್ಲಿ ಬಸಿಗೆ ಚಹಾ ಸುರುವಿಕೊಂಡು ಕುಡಿಯುತ್ತಿದ್ದ ಹಿರಿಯರೊಬ್ಬರು ಗುಡ್ಡದ ಕಡೆ ಗದ್ದ ಎತ್ತಿ, “ನೋಡ್ರಿ ಸರ, ಈ ಫ್ಯಾನ್ ಬಂದ ಮ್ಯಾಲೆ ಮಳಿ ಹೋತು. ಮೋಡ ಬರತಾವ, ಇವು ಊದಿ ಅತ್ತಾಗ ಕಳಸ್ತಾವ. ಇನ್ನ ಹೆಸರು ಬಿತ್ತೂದು ಎಲ್ಲಿಂದ ಬಂತು?” ಎಂದರು.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಜಗತ್ತಿನ ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚೆಯಾಗುವ ಪ್ರಶ್ನೆಯೂ ಇದೇ ತಾನೆ? ನಾವು ಯಾವುದರಿಂದ ಕರೆಂಟು ಮಾಡುತ್ತೇವೆ ಎಂಬುದಕ್ಕೂ ಮುಗಿಲು ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೂ ಏನು ಸಂಬಂಧ? ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸೀಮೆಯಲ್ಲಿ ನಿಂತು ಈ ಪ್ರಶ್ನೆ ಕೇಳುವುದಕ್ಕೆ ವಿಶೇಷ ಕಾರಣವಿದೆ. ಇಲ್ಲಿ ಗುಡ್ಡದ ಮೇಲೆ ಗಾಳಿಯ ಕರೆಂಟು ಹುಟ್ಟುತ್ತದೆ. ಗುಡ್ಡದ ಆಚೆ ಗದಗ ಜಂಕ್ಷನ್ನಿನಲ್ಲಿ ಗೋವಾದ ಮುರಗಾಂವ ಬಂದರಿನಿಂದ ಬಂದ ಕಲ್ಲಿದ್ದಲು ಗಾಡಿಗಳು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೊರಟಿರುತ್ತವೆ. ಎರಡನ್ನೂ ಒಂದೇ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಯೋಚಿಸಬಹುದಾದ ಊರುಗಳು ಕಡಿಮೆ.

ಹೆಸರಿನಲ್ಲೇ ಇರುವ ತೊಡಕು

ಮೊದಲು ಹಿರಿಯರ ಮಾತಿಗೆ ಬರೋಣ. ಗದಗ ಸೀಮೆಯವರಷ್ಟೇ ಅಲ್ಲ, ಮಹಾರಾಷ್ಟ್ರದ ಸಾತಾರಾ, ಸಾಂಗಲಿ ಕಡೆಯ ರೈತರೂ ಇದೇ ದೂರು ಹೇಳಿದ್ದಾರೆ. ಇದರ ಮೂಲ ಅರ್ಧ ಹೆಸರಿನಲ್ಲಿದೆ ಎಂಬುದು ನನ್ನ ಗುಮಾನಿ. ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಕೊಡುತ್ತದೆ; ಗುಡ್ಡದ ಮೇಲಿನದು ಗಾಳಿ ತಿಂದು ಕರೆಂಟು ಕೊಡುತ್ತದೆ. ಕೆಲಸ ತದ್ವಿರುದ್ಧ, ಹೆಸರು ಒಂದೇ. ಫ್ಯಾನು ಎಂದ ಕೂಡಲೇ ಅದು ಊದುತ್ತದೆ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ.

ಇನ್ನರ್ಧ ಕಣ್ಣಾರೆ ಕಂಡದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಫ್ಯಾನು ಜೋರಾಗಿ ತಿರುಗುವ ದಿನ ಮೋಡ ನಿಲ್ಲದಿರುವುದು ನಿಜ. ಮುಂಗಾರು ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗಲೇ ತನ್ನ ನೀರಿನ ದೊಡ್ಡ ಪಾಲನ್ನು ಸಿರಸಿ, ಆಗುಂಬೆ ಕಡೆ ಚೆಲ್ಲಿಬಿಡುತ್ತದೆ. ಘಟ್ಟ ದಾಟಿ ಬಯಲಿಗೆ ಬರುವ ಗಾಳಿಗೆ ಓಟ ಉಳಿದಿರುತ್ತದೆ, ನೀರು ಉಳಿದಿರುವುದಿಲ್ಲ. ಆ ಓಟಕ್ಕೆ ಅಡ್ಡಲಾಗಿ ನಿಂತದ್ದು ಕಪ್ಪತಗುಡ್ಡ. ಹಾಗಾಗಿ ಇಲ್ಲಿ ಮಳೆ ಕಡಿಮೆ ಇರುವುದಕ್ಕೂ ಫ್ಯಾನುಗಳು ಇಲ್ಲಿಗೆ ಹುಡುಕಿಕೊಂಡು ಬಂದದ್ದಕ್ಕೂ ಕಾರಣ ಒಂದೇ, ಘಟ್ಟದ ನೆರಳು. ಮೋಡ ಇರುವುದು ನೆಲದಿಂದ ಒಂದೆರಡು ಕಿಲೋಮೀಟರ್ ಮೇಲೆ. ರೆಕ್ಕೆಯ ತುದಿ ಮುಟ್ಟುವುದು ಹೆಚ್ಚೆಂದರೆ ಇನ್ನೂರು ಮೀಟರ್ ಚಿಲ್ಲರೆ.

ಹಾಗಂತ ಫ್ಯಾನಿನಿಂದ ಸ್ಥಳೀಯ ಹವೆಗೆ ಏನೂ ಆಗುವುದಿಲ್ಲ ಎಂದು ಹೇಳಿದರೆ ಅದೂ ತಪ್ಪು. ಸೋಮನಾಥ ಬೈದ್ಯ ರಾಯ್ ಮತ್ತು ಜಸ್ಟಿನ್ ಟ್ರೇಟರ್ 2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಗೋರ್ಗೋನಿಯೊ ಗಾಳಿತೋಟದ ಹಳೆಯ ಅಳತೆಗಳನ್ನು ತೆಗೆದು ನೋಡಿದರು. ಫ್ಯಾನುಗಳ ಹಿಂಬದಿಯ ನೆಲಮಟ್ಟದ ಗಾಳಿ ರಾತ್ರಿ ಸ್ವಲ್ಪ ಬೆಚ್ಚಗೆ, ಹಗಲು ಸ್ವಲ್ಪ ತಂಪಾಗಿತ್ತು. ರೆಕ್ಕೆಗಳು ಮೇಲಿನ ಗಾಳಿಯನ್ನೂ ಕೆಳಗಿನ ಗಾಳಿಯನ್ನೂ ಮಜ್ಜಿಗೆ ಕಡೆದಂತೆ ಕಲಕುವುದರಿಂದ ಹೀಗಾಗುತ್ತದೆ. 2012ರಲ್ಲಿ ಟೆಕ್ಸಾಸಿನ ಉಪಗ್ರಹ ಅಳತೆಗಳಲ್ಲೂ ರಾತ್ರಿಯ ಈ ಬಿಸಿ ಕಂಡಿತು. 2018ರಲ್ಲಿ ಹಾರ್ವರ್ಡಿನ ಲೀ ಮಿಲ್ಲರ್ ಮತ್ತು ಡೇವಿಡ್ ಕೀತ್ ಅಮೆರಿಕದ ಇಡೀ ಕರೆಂಟನ್ನು ಗಾಳಿಯಿಂದಲೇ ತೆಗೆದರೆ ಏನಾಗುತ್ತದೆಂದು ಲೆಕ್ಕ ಹಾಕಿ, ಆ ಭೂಖಂಡದ ನೆಲಮಟ್ಟದ ಉಷ್ಣತೆ 0.24 ಡಿಗ್ರಿ ಏರಬಹುದು ಎಂದರು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ಸಹಾರಾ ಮರುಭೂಮಿಯ ತುಂಬ ಫ್ಯಾನು, ಸೋಲಾರ್ ಹಾಕಿದರೆ ಅಲ್ಲಿ ಮಳೆ ಹೆಚ್ಚುತ್ತದೆ ಎಂದಿತು. ಡಂಬಳದ ಹಿರಿಯರ ಭಯಕ್ಕೆ ಪೂರಾ ಉಲ್ಟಾ!

ಫ್ಯಾನಿನ ಈ ಬಿಸಿಗೂ ಕಲ್ಲಿದ್ದಲಿನ ಬಿಸಿಗೂ ಜಾತಿಯೇ ಬೇರೆ. ಫ್ಯಾನು ಇದ್ದ ಬಿಸಿಯನ್ನು ಅತ್ತಿತ್ತ ಮಾಡುತ್ತದೆ, ಹೊಸ ಬಿಸಿಯನ್ನು ತಂದು ಸೇರಿಸುವುದಿಲ್ಲ. ಅದು ನಿಂತ ದಿನ ಅದರ ಪರಿಣಾಮವೂ ನಿಲ್ಲುತ್ತದೆ. ಇದ್ದಲಿನ ಹೊಗೆಯ ಇಂಗಾಲಾಮ್ಲ ಒಲೆ ಆರಿದ ಮೇಲೂ ನೂರಾರು ವರ್ಷ ಮುಗಿಲಿನಲ್ಲಿ ಕಂಬಳಿ ಹೊದಿಸಿಕೊಂಡೇ ಇರುತ್ತದೆ.

ಹೊಗೆಯ ಹಳೆಯ ಕಡತ

ಆ ಕಂಬಳಿಯ ಸಂಗತಿ ನಿನ್ನೆ ಮೊನ್ನೆ ಗೊತ್ತಾದದ್ದಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು ಇಂಗಾಲಾಮ್ಲ ತುಂಬಿದ ಕೊಳವೆ ಹೆಚ್ಚು ಕಾಯುವುದನ್ನು ಕಂಡರು. ಮೂರು ವರ್ಷದ ನಂತರ ಜಾನ್ ಟಿಂಡಲ್ ಅದರ ಹಿಂದಿನ ಕಾರಣವನ್ನು ಅಳೆದು ತೋರಿಸಿದರು. 1896ರಲ್ಲಿ ಸ್ವೀಡನ್ನಿನ ಅರೇನಿಯಸ್ ಕಲ್ಲಿದ್ದಲು ಸುಡುತ್ತ ಹೋದರೆ ಭೂಮಿ ಎಷ್ಟು ಕಾಯ್ದೀತು ಎಂದು ಕೈಲೆಕ್ಕ ಹಾಕಿದರು. ಚಳಿ ದೇಶದ ಮನುಷ್ಯ, ಅದು ಒಳ್ಳೆಯದೇ ಎಂದುಕೊಂಡಿದ್ದರು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 315 ಇಂಗಾಲಾಮ್ಲದವು. ಕಾರ್ಖಾನೆ ಯುಗಕ್ಕಿಂತ ಮುಂಚೆ ಅದು 280. ಈಗ 420 ದಾಟಿದೆ. 2024 ಕಾರ್ಖಾನೆಪೂರ್ವ ಕಾಲಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚು ಬಿಸಿಯಾದ ವರ್ಷವೆಂದು ದಾಖಲಾಯಿತು.

ಇಷ್ಟರ ಮಟ್ಟಿಗೆ ಈಗ ವಿಜ್ಞಾನಿಗಳ ನಡುವೆ ಜಗಳವಿಲ್ಲ. ಜಗಳ ಶುರುವಾಗುವುದು ಮುಂದೆ, ಹಾಗಾದರೆ ಮಾಡಬೇಕಾದದ್ದೇನು ಎಂಬಲ್ಲಿ.

ಕನ್ನಡ ನಾಡಿನ ಕಡತ ಬೇರೆ ದಾರಿಯದು. ಈ ನೆಲದಲ್ಲಿ ಕಲ್ಲಿದ್ದಲಿಲ್ಲ. 1902ರಲ್ಲಿ ಶಿವನಸಮುದ್ರದ ನೀರಿನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು; ಆಮೇಲೆ ಜೋಗ, ಲಿಂಗನಮಕ್ಕಿ, ಕಾಳಿ. ಎಂಟು ದಶಕ ರಾಜ್ಯ ಹೆಚ್ಚುಕಡಿಮೆ ನೀರನ್ನೇ ನಂಬಿ ಬದುಕಿತು. ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು. ಅದಕ್ಕೆ ಕಂಡುಕೊಂಡ ಪರಿಹಾರ 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಹೊತ್ತಿಕೊಂಡ ಇದ್ದಲಿನ ಒಲೆ. ಬಳ್ಳಾರಿಯ ಕುಡತಿನಿ, ಯರಮರಸ್, ಕೊನೆಗೆ ವಿಜಯಪುರ ಜಿಲ್ಲೆಯ ಕೂಡಗಿಯ 2400 ಮೆಗಾವಾಟ್ ಸ್ಥಾವರ ಅದರ ಬೆನ್ನಿಗೆ ಬಂದವು. ಕೂಡಗಿ ಇರುವುದು ಗದಗ–ಹೊಟಗಿ ರೈಲು ದಾರಿಯ ಮೇಲೆ. 2014ರ ಜುಲೈನಲ್ಲಿ ಅಲ್ಲಿಯ ರೈತರ ಪ್ರತಿಭಟನೆ ಗೋಲಿಬಾರಿನ ತನಕ ಹೋದದ್ದನ್ನು ಈ ಕಡೆಯವರು ಮರೆತಿಲ್ಲ.

ಬರಕ್ಕೆ ಹೆದರಿ ನೀರು ಬಿಟ್ಟು ಇದ್ದಲು ಹಿಡಿದೆವು. ಇದ್ದಲಿನ ಬಿಸಿ ಈಗ ಮಳೆಯನ್ನೇ ಎಡವಟ್ಟು ಮಾಡುತ್ತಿದೆ. ನಮ್ಮ ರಾಜ್ಯದ ಶಕ್ತಿ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ವ್ಯಂಗ್ಯ ನನಗೆ ಕಂಡಿಲ್ಲ.

ಗ್ರಾಂ ಲೆಕ್ಕದವರು

ಮಾಡಬೇಕಾದದ್ದೇನು ಎಂಬ ಜಗಳದಲ್ಲಿ ನನಗೆ ಕಾಣುವುದು ಐದು ಪಂಥಗಳು. ಮೊದಲ ಪಂಥದವರ ಕೈಯಲ್ಲಿ ತಕ್ಕಡಿ ಇರುತ್ತದೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಗ್ರಾಂ ಹೊಗೆ? ಗಣಿ ತೋಡುವುದರಿಂದ ಹಿಡಿದು ಯಂತ್ರ ಗುಜರಿಗೆ ಹೋಗುವವರೆಗೆ ಎಲ್ಲ ಸೇರಿಸಿ ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ 2014ರಲ್ಲಿ ಕೊಟ್ಟ ನಡುಮಟ್ಟದ ಅಂಕಿಗಳು ಹೀಗಿವೆ: ಕಲ್ಲಿದ್ದಲಿಗೆ 820 ಗ್ರಾಂ, ಅನಿಲಕ್ಕೆ 490, ದೊಡ್ಡ ಸೋಲಾರ್‌ಗೆ 48, ಜಲವಿದ್ಯುತ್ತಿಗೆ 24, ಅಣುವಿಗೆ 12, ನೆಲದ ಮೇಲಿನ ಗಾಳಿಗೆ 11.

ಅಂದರೆ ಕಬ್ಬಿಣ, ಸಿಮೆಂಟು, ಅದನ್ನು ಹೊತ್ತು ತರುವ ಲಾರಿಯ ಡೀಸೆಲ್ಲು ಎಲ್ಲ ಹಿಡಿದರೂ ಗಾಳಿಯ ಕರೆಂಟಿನ ಹೊಗೆ ಇದ್ದಲಿನದರ ಸುಮಾರು ಎಪ್ಪತ್ತೈದರಲ್ಲಿ ಒಂದು ಪಾಲು. “ಫ್ಯಾನು ಮಾಡೂದಕ್ಕ ಹೊಗಿ ಆಗೂದಿಲ್ಲೇನು?” ಎಂದು ಕೇಳುವವರಿಗೆ ಇದೇ ಉತ್ತರ. ಆಗುತ್ತದೆ, ಆದರೆ ಮೊದಲ ವರ್ಷದಲ್ಲೇ ತೀರಿಹೋಗುವ ಸಾಲ ಅದು. ಕಪ್ಪತಗುಡ್ಡದ ಬೆನ್ನ ಮೇಲಿನ ಹಳೆಯ ಯಂತ್ರಗಳು ಚಿಕ್ಕವು. ಈಗ ಎರೆ ಹೊಲಗಳಲ್ಲಿ ಏಳುತ್ತಿರುವವು ಎರಡು ಮೂರು ಮೆಗಾವಾಟಿನವು. ಎರಡು ಮೆಗಾವಾಟಿನದೊಂದು ವರ್ಷದ ಹತ್ತರಲ್ಲಿ ಮೂರು ಪಾಲು ಹೊತ್ತು ಪೂರ್ತಿ ತಿರುಗಿದಷ್ಟು ಕೆಲಸ ಮಾಡಿದರೂ 52 ಲಕ್ಷ ಯೂನಿಟ್ ಆಗುತ್ತದೆ. ನಮ್ಮ ಗ್ರಿಡ್ಡಿನ ಸರಾಸರಿ ಹೊಗೆ ಯೂನಿಟ್ಟಿಗೆ 700 ಗ್ರಾಂ ಚಿಲ್ಲರೆ ಎಂದು ಹಿಡಿದರೆ ವರ್ಷಕ್ಕೆ ಸುಮಾರು 3,700 ಟನ್ ಇಂಗಾಲಾಮ್ಲದ ಉಳಿತಾಯ.

2024–25ರಲ್ಲಿ ದೇಶದಲ್ಲೇ ಅತಿ ಹೆಚ್ಚು, 1,331 ಮೆಗಾವಾಟ್ ಹೊಸ ಗಾಳಿ ವಿದ್ಯುತ್ತನ್ನು ಜೋಡಿಸಿದ ರಾಜ್ಯ ಕರ್ನಾಟಕ. ಪಾವಗಡದ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬೇರೆ ಇದೆ. ತಕ್ಕಡಿ ಹಿಡಿದವರಿಗೆ ಇವೆಲ್ಲ ಹಬ್ಬದ ಸುದ್ದಿ, ಅವರ ಲೆಕ್ಕದಲ್ಲಿ ತಪ್ಪೂ ಇಲ್ಲ. ಅವರ ತಕ್ಕಡಿಗೆ ಹತ್ತದ ಸರಕುಗಳನ್ನು ಹಿಡಿದು ಬಂದವರು ಉಳಿದ ಪಂಥದವರು.

‘ಬೇಕಾದದ್ದು ಎಷ್ಟು?’ ಎಂದ ರೆಡ್ಡಿ

ಎರಡನೆಯ ಪಂಥಕ್ಕೆ ಹುಟ್ಟೂರು ಬೆಂಗಳೂರೇ. ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ, ತುಮಕೂರು ಜಿಲ್ಲೆಯ ಪುರ ಗ್ರಾಮದ ಸಗಣಿ ಅನಿಲದ ಸ್ಥಾವರ ಅಲ್ಲಿಂದ ಬಂದವು. 1980ರ ದಶಕದ ಕೊನೆಗೆ ರಾಜ್ಯದ ಅಧಿಕೃತ ಯೋಜನೆ ಇಷ್ಟು ಸಾವಿರ ಮೆಗಾವಾಟ್ ಬೇಕೇ ಬೇಕು ಎಂದಾಗ ರೆಡ್ಡಿಯವರ ತಂಡ ಕೂತು ಬೇರೆ ಲೆಕ್ಕ ತೆಗೆಯಿತು. ಜನಕ್ಕೆ ಬೇಕಾದದ್ದು ಕರೆಂಟಲ್ಲ. ಬೆಳಕು, ನೀರು, ಬೆಂದ ಅನ್ನ. ಒಳ್ಳೆಯ ಪಂಪು, ಒಳ್ಳೆಯ ಬಲ್ಬು, ಬಿಸಿಲಿನ ನೀರೊಲೆ ಕೊಟ್ಟರೆ ಸರ್ಕಾರ ಹೇಳಿದ್ದರ ಅರ್ಧಕ್ಕೂ ಕಡಿಮೆ ಸಾಮರ್ಥ್ಯ ಸಾಕು ಎಂದು ಅವರು ತೋರಿಸಿದರು.

ಮುಂಡರಗಿ ತಾಲ್ಲೂಕಿನಲ್ಲಿ ಈ ಮಾತು ಬೇಗ ಅರ್ಥವಾಗುತ್ತದೆ. ಹಮ್ಮಿಗಿಯ ಬ್ಯಾರೇಜಿನಿಂದ ತುಂಗಭದ್ರೆಯ ನೀರನ್ನು ಎತ್ತಿದರೆ ಸಿಂಗಟಾಲೂರು ಏತ ನೀರಾವರಿ, ಬೋರಿನಿಂದ ಎತ್ತಿದರೆ ರೈತನ ಪಂಪ್‌ಸೆಟ್. ಈ ಸೀಮೆಯಲ್ಲಿ ಕರೆಂಟೆಂದರೆ ಬಹುಮಟ್ಟಿಗೆ ನೀರೆತ್ತುವ ಕೂಲಿ. ಮೀಟರಿಲ್ಲದ ಪುಕ್ಕಟೆ ಕರೆಂಟು ಹಳೆಯ ಮೋಟರನ್ನು ಬದಲಾಯಿಸುವ ಆಸೆಯನ್ನೇ ಕೊಂದಿದೆ ಎಂಬುದು ಈ ಪಂಥದವರ ದೂರು. ಸರಿಯಾದ ದೂರೇ. ಆದರೆ ಪುಕ್ಕಟೆ ಕರೆಂಟನ್ನು ಮುಟ್ಟುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ, ಮುಟ್ಟಿದರೆ ಮೊದಲು ಕುಸಿಯುವವನು ಎರಡೆಕರೆಯವನು ಎಂಬುದೂ ಅಷ್ಟೇ ಸರಿ.

ಗಾಳಿ ನಿಂತ ಹೊತ್ತಿಗೆ

ಮೂರನೆಯವರು ಒಂದೇ ಪ್ರಶ್ನೆ ಕೇಳುತ್ತಾರೆ: ರಾತ್ರಿ ಗಾಳಿ ನಿಂತರೆ? ಇವರಿಗೆ 2023 ಒಳ್ಳೆಯ ಸಾಕ್ಷಿ. ಆ ವರ್ಷ ಮುಂಗಾರು ಸೋತು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಜಲಾಶಯದಲ್ಲಿ ನೀರಿಲ್ಲ, ಒಣಗುವ ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್ ಬಿಟ್ಟರೆ ಗತಿಯಿಲ್ಲ, ಮುಂಗಾರು ಮುಗಿದ ಮೇಲೆ ಫ್ಯಾನುಗಳೂ ಮಂಕು. ಅಕ್ಟೋಬರಿನಲ್ಲಿ ಸರ್ಕಾರ ಖಾಸಗಿ ಉತ್ಪಾದಕರೆಲ್ಲ ರಾಜ್ಯದ ಗ್ರಿಡ್ಡಿಗೇ ಕರೆಂಟು ಕೊಡಬೇಕೆಂದು ಆದೇಶ ಹೊರಡಿಸಬೇಕಾಯಿತು. ಹೊತ್ತಿಗೆ ಒದಗಿದ್ದು ಇದ್ದಲು ಮತ್ತು ಕೈಗಾದ ಅಣುಸ್ಥಾವರ.

ಕೈಗಾದ ಹೆಸರು ಬಂದರೆ ಶಿವರಾಮ ಕಾರಂತರ ವಿರೋಧ, 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದಾಗಲೇ ಕುಸಿದ ಗುಮ್ಮಟ ನೆನಪಾಗುತ್ತವೆ. ಇಂದು ಅಲ್ಲಿಯ ಸಾಮರ್ಥ್ಯ 880 ಮೆಗಾವಾಟ್, ಒಂದನೆಯ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತು. ಹೊಗೆಯ ಲೆಕ್ಕದಲ್ಲಿ ಅಣು ಗಾಳಿಯ ಪಕ್ಕದಲ್ಲೇ ಕೂರುತ್ತದೆ. ಕಸದ ಲೆಕ್ಕದಲ್ಲಿ ಕೂರುವುದಿಲ್ಲ. ಗಾಳಿ, ಬಿಸಿಲನ್ನು ಕೂಡಿಡಲು ಶರಾವತಿ ಕಣಿವೆಯಲ್ಲಿ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಮಾಡೋಣ ಎಂದರೆ ಸಿಂಗಳೀಕಗಳ ಕಾಡಿಗೆ ಕೈಹಾಕಬೇಕು. ಹವಾಮಾನ ಉಳಿಸಲು ಕಾಡು ಕಡಿಯಬಹುದೇ ಎಂಬ ಈ ವಾದಕ್ಕೆ ಮಲೆನಾಡಿನಲ್ಲಿ ಇನ್ನೂ ಮುಕ್ತಾಯ ಸಿಕ್ಕಿಲ್ಲ.

ಯಾರ ಒಲೆಯ ಹೊಗೆ?

ನಾಲ್ಕನೆಯ ಪಂಥದವರು ಕೇಳುವುದು ನ್ಯಾಯ. 1991ರಲ್ಲಿ ದೆಹಲಿಯ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಒಂದು ಪುಟ್ಟ ಪುಸ್ತಕದಲ್ಲಿ ಎತ್ತಿದ ಪ್ರಶ್ನೆ ಇಂದಿಗೂ ಅಂತರರಾಷ್ಟ್ರೀಯ ಸಭೆಗಳನ್ನು ಕಾಡುತ್ತಿದೆ. ಹೊಟ್ಟೆಪಾಡಿನ ಹೊಗೆಯನ್ನೂ ಷೋಕಿಯ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಇದುವರೆಗೆ ಮುಗಿಲು ಸೇರಿದ ಇದ್ದಲು–ಎಣ್ಣೆಯ ಇಂಗಾಲಾಮ್ಲದಲ್ಲಿ ಅಮೆರಿಕದ ಪಾಲು ಸುಮಾರು ಕಾಲುಭಾಗ. ಜಗತ್ತಿನ ಆರರಲ್ಲೊಂದು ಪಾಲು ಜನ ಇರುವ ಭಾರತದ್ದು ಶೇ 4ರ ಆಸುಪಾಸು.

ನಮ್ಮ ಕಡೆಯವರಿಗೆ ಇದಕ್ಕೊಂದು ಹಳೆಯ ಎಳೆಯಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಕಣ್ಣು ಧಾರವಾಡ ಜಿಲ್ಲೆಯ ಎರೆ ಹೊಲಗಳ ಮೇಲೆ ಬಿತ್ತು. ಕಾರವಾರ ಬಂದರಿನ ಕೆಲಸಕ್ಕೆ 1860ರ ದಶಕದಲ್ಲಿ ಜೋರು ಬಂದದ್ದೇ ಆ ಹತ್ತಿಗಾಗಿ. ಗದಗ ಆಗ ಆ ಜಿಲ್ಲೆಯ ದೊಡ್ಡ ಹತ್ತಿ ಪೇಟೆ. ಹತ್ತಿ ನಮ್ಮದು, ಸುಟ್ಟ ಇದ್ದಲು ಅವರದು, ಲಾಭವೂ ಅವರದು. ಆ ಚಿಮಣಿಗಳು ಉಗುಳಿದ್ದರ ಒಂದಂಶ ಇಂದಿಗೂ ಗದುಗಿನ ಮುಗಿಲಿನಲ್ಲಿ ಇದೆ, ಮುರಿದ ಗಿರಣಿಗಳ ಬಾಕಿ ಸಾಲದ ಹಾಗೆ.

ಈ ಪಂಥದ ವಾದ ನನಗೆ ಒಪ್ಪಿಗೆ, ಒಂದು ತಕರಾರಿನೊಂದಿಗೆ. ದೇಶ ದೇಶಗಳ ನಡುವೆ ಕೇಳುವ ನ್ಯಾಯವನ್ನು ನಾವು ನಮ್ಮೊಳಗೆ ಕೇಳಿಕೊಳ್ಳುವುದಿಲ್ಲ. ಇಲ್ಲಿಯ ಕರೆಂಟನ್ನು ಒಟ್ಟುಗೂಡಿಸುವ ಗದಗದ ಪೂಲಿಂಗ್ ಸ್ಟೇಶನ್ನಿನಿಂದ 400 ಕೆ.ವಿ. ತಂತಿ ಧಾರವಾಡ ಹತ್ತಿರದ ನರೇಂದ್ರಕ್ಕೆ ಹೋಗಿ ಅಲ್ಲಿಂದ ದೇಶದ ಗ್ರಿಡ್ಡನ್ನು ಸೇರುತ್ತದೆ. ತಂತಿ ತಲೆಯ ಮೇಲೆ ಹಾದುಹೋಗುವ ಹೊಲದಲ್ಲಿ ಮೂರು ಫೇಸ್ ಕರೆಂಟು ದಿನಕ್ಕೆ ಏಳೇ ತಾಸು, ಅದೂ ಒಂದೊಂದು ವಾರ ರಾತ್ರಿ ಪಾಳಿ. ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ನೀರು ಹಾಯಿಸುವವನಿಗೆ ಇಂಗಾಲದ ಲೆಕ್ಕ ಹೇಳುವುದು ಹೇಗೆ?

ಗುಡ್ಡ ಉಳಿಸಿದವರು

ಐದನೆಯ ಪಂಥಕ್ಕೆ ಪುಸ್ತಕವಿಲ್ಲ, ಊರುಗಳಿವೆ. 2010ರಲ್ಲಿ ಕೊರಿಯಾದ ಪೋಸ್ಕೊ ಕಂಪನಿಗೆ ವರ್ಷಕ್ಕೆ 60 ಲಕ್ಷ ಟನ್ನಿನ ಉಕ್ಕಿನ ಕಾರ್ಖಾನೆ ಕಟ್ಟಲು ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ ಮೂರು ಸಾವಿರ ಎಕರೆಗೂ ಹೆಚ್ಚು ಎರೆ ಭೂಮಿ ಕೊಡಿಸುವ ಮಾತು ಬಂತು. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ರೈತರ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ಆ ಹೋರಾಟದಲ್ಲಿ ಹವಾಮಾನದ ಮಾತು ಎಲ್ಲೂ ಇರಲಿಲ್ಲ, ಇದ್ದದ್ದು ಕಡಲೆ, ಜೋಳ, ಮೆಣಸಿನಕಾಯಿ ಬೆಳೆಯುವ ನೆಲದ ಮಾತು. ಆದರೆ ಲೆಕ್ಕ ಹಾಕಿ ನೋಡಿ: ಇದ್ದಲಿನ ಕುಲುಮೆಯ ಉಕ್ಕಿಗೆ ಟನ್ನಿಗೆ ಎರಡು ಟನ್ನಿಗೂ ಮಿಕ್ಕಿ ಇಂಗಾಲಾಮ್ಲ ಏಳುತ್ತದೆ. ಆ ಕಾರ್ಖಾನೆ ನಡೆದಿದ್ದರೆ ವರ್ಷಕ್ಕೆ ಒಂದೂಕಾಲು ಕೋಟಿ ಟನ್ನಿನ ಹತ್ತಿರ. ಅಷ್ಟನ್ನು ಉಳಿಸಲು ಮೇಲೆ ಹೇಳಿದ ಎರಡು ಮೆಗಾವಾಟಿನ ಫ್ಯಾನು ಮೂರು ಸಾವಿರಕ್ಕೂ ಹೆಚ್ಚು ನಿಲ್ಲಿಸಬೇಕು. ಹಾಗೆಂದು ಆ ಹೊಗೆ ಉಳಿದುಬಿಟ್ಟಿತು ಎಂದೂ ಹೇಳಲಾಗುವುದಿಲ್ಲ, ಇಲ್ಲಿ ಕರಗದ ಉಕ್ಕು ಇನ್ನೆಲ್ಲೋ ಕರಗಿರುತ್ತದೆ. ಮುಗಿಲಿಗೆ ತಾಲ್ಲೂಕಿನ ಗಡಿಯಿಲ್ಲ.

ಮುಂದಿನ ಜಗಳ ಕಪ್ಪತಗುಡ್ಡದ್ದು. ಚಿನ್ನದ ಗಣಿಗಾರಿಕೆಯ ಆಸೆ, ಅದಕ್ಕೆ ಎದುರಾಗಿ ಔಷಧಿ ಸಸ್ಯಗಳ, ತೋಳ, ಕತ್ತೆಕಿರುಬ, ಕೊಂಡುಕುರಿಗಳ ಕಾಡು. 2015ರ ಕೊನೆಗೆ ಸಂರಕ್ಷಿತ ಪ್ರದೇಶವೆಂಬ ಘೋಷಣೆ, ಮರುವರ್ಷ ಅದರ ವಾಪಸಾತಿ, ಧರಣಿ, 2017ರಲ್ಲಿ ಮತ್ತೆ ಘೋಷಣೆ, 2019ರ ಮೇ ತಿಂಗಳಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮ. ತೋಂಟದಾರ್ಯ ಮಠ, ನಂದಿವೇರಿ ಮಠ ಎರಡೂ ಬೀದಿಗೆ ಬಂದು ಗಳಿಸಿದ್ದು ಅದು.

ಈಗ ಈ ಪಂಥದವರ ಮುಂದೆ ಇರಿಸುಮುರಿಸಿನ ಪ್ರಶ್ನೆಯೊಂದಿದೆ. ಗಣಿ ಬೇಡ ಎಂದ ಗುಡ್ಡದ ಮೇಲೆ ಫ್ಯಾನು ನಿಂತಿದೆಯಲ್ಲ, ಅದು? ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ಮತ್ತು ಸಂಗಡಿಗರು ಸಾತಾರಾದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನೋಡಿ 2018ರಲ್ಲಿ ಪ್ರಕಟಿಸಿದ್ದು ಹೀಗಿದೆ: ಫ್ಯಾನಿರುವ ಕಡೆ ಹದ್ದು ಗಿಡುಗಗಳು ನಾಲ್ಕರಲ್ಲೊಂದು ಪಾಲಿಗೆ ಇಳಿದಿದ್ದವು, ತಿನ್ನುವವರಿಲ್ಲದೆ ಹಲ್ಲಿಜಾತಿ ಹೆಚ್ಚಿತ್ತು, ಅವುಗಳ ಭಯ ಕಡಿಮೆಯಾಗಿತ್ತು. ಗಿಡುಗ ಇಲ್ಲದ ಗುಡ್ಡ ಬೇರೆಯದೇ ಗುಡ್ಡ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರ ಆರಂಭದಲ್ಲಿ ಆ ಕೆರೆ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು. ಸುತ್ತಲಿನ ಹೊಲಗಳಲ್ಲೇ ಮೇಯುವ ಆ ಹಕ್ಕಿಗಳ ದಾರಿಯನ್ನು ಗುರುತಿಸದೆ ತಂತಿ ಎಳೆಯುವುದು ಬುದ್ಧಿವಂತರ ಕೆಲಸವಲ್ಲ.

ಹೊಲದ ಮಾತೂ ಇದೆ. ದಲ್ಲಾಳಿ ಬಂದು ಎರಡೆಕರೆ ಕೇಳುತ್ತಾನೆ, ಒಂದು ಹೊಲಕ್ಕೊಂದು ದರ, ಪಕ್ಕದ ಹೊಲಕ್ಕೊಂದು. ಆಮೇಲೆ ಕ್ರೇನು ಬರಲು ದಾರಿ ಬೇಕು. ಮುರ್ರಮ್ಮು ಹಾಕಿ ಎತ್ತರಿಸಿದ ಆ ದಾರಿ ಹತ್ತು ಹೊಲಗಳ ಒಡ್ಡು ಕಡಿದು ಹೋಗುತ್ತದೆ. ಎರೆ ನೆಲದಲ್ಲಿ ಒಡ್ಡು ಕಡಿದರೆ ಬಿದ್ದ ಮಳೆ ಹೊಲದಲ್ಲಿ ನಿಲ್ಲುವುದಿಲ್ಲ. ಒಂದು ಕಡೆ ಕೊರಕಲು, ಇನ್ನೊಂದು ಕಡೆ ಜವಳು. ಡಂಬಳದ ಹಿರಿಯರ ಮಾತಿನ ನಿಜ ಇಲ್ಲಿ ಅಡಗಿದೆಯೇನೋ ಎಂದು ನನಗೆ ಹಲವು ಸಲ ಅನಿಸಿದೆ. ಫ್ಯಾನು ಮೋಡವನ್ನು ಓಡಿಸಲಿಲ್ಲ, ಅದರ ದಾರಿ ನೀರನ್ನು ಓಡಿಸಿತು. ರೈತನಿಗೆ ಸಿಗದೆ ಹೋದ ನೀರು ಎರಡೂ ಲೆಕ್ಕದಲ್ಲಿ ಒಂದೇ.

ಇನ್ನೂ ಬಗೆಹರಿಯದ್ದು

ಮೊದಲನೆಯದು, ಸೇರಿಸುವುದೋ ಬದಲಿಸುವುದೋ ಎಂಬುದು. 2025ರ ಜೂನ್ ಹೊತ್ತಿಗೆ ದೇಶದ ವಿದ್ಯುತ್ ಸಾಮರ್ಥ್ಯದ ಅರ್ಧ ಇದ್ದಲು–ಅನಿಲ ಬಿಟ್ಟು ಬೇರೆ ಮೂಲಗಳದಾಯಿತು. ಆದರೆ ನಿಜವಾಗಿ ಹುಟ್ಟುವ ಕರೆಂಟಿನಲ್ಲಿ ಹತ್ತರಲ್ಲಿ ಸುಮಾರು ಏಳು ಪಾಲು ಈಗಲೂ ಇದ್ದಲಿನದು. ಫ್ಯಾನು ಹೆಚ್ಚಿದ ಅದೇ ವರ್ಷಗಳಲ್ಲಿ ಕೂಡಗಿಯೂ ಹೊತ್ತಿಕೊಂಡಿತು. ಮೇಲಿನ 3,700 ಟನ್ನಿನ ಉಳಿತಾಯ ನಿಜವಾಗಬೇಕಾದರೆ ಅಷ್ಟು ಇದ್ದಲು ಎಲ್ಲೋ ಉರಿಯದೆ ಉಳಿಯಬೇಕು. ಅದು ಉಳಿಯುತ್ತಿದೆಯೋ ಅಥವಾ ಹೊಸ ಬೇಡಿಕೆ ಅದನ್ನೂ ನುಂಗುತ್ತಿದೆಯೋ ಎಂಬುದರ ಮೇಲೆ ತಜ್ಞರ ನಡುವೆ ಒಮ್ಮತವಿಲ್ಲ. ನನ್ನ ಮಟ್ಟಿಗೆ ಇಡೀ ಚರ್ಚೆಯ ಕೀಲು ಇಲ್ಲಿದೆ.

ಎರಡನೆಯದು ಮಸಿಯದು. ಇದ್ದಲಿನ ಒಲೆಯಿಂದ ಬರುವುದು ಬಿಸಿ ಮಾಡುವ ಅನಿಲವಷ್ಟೇ ಅಲ್ಲ, ಬಿಸಿಲನ್ನು ತಡೆಯುವ ಗಂಧಕದ ಕಣಗಳೂ ಬರುತ್ತವೆ. ಅಡುಗೆಮನೆಯ ಹತ್ತಿಕಟಗಿ, ಕುಳ್ಳಿನ ಹೊಗೆಯಿಂದ ಕಪ್ಪು ಮಸಿ. ಈ ಕಣಗಳ ಪರದೆ ಮುಂಗಾರನ್ನು ಸೊರಗಿಸಿದೆ ಎಂದು 2011ರಲ್ಲಿ ಬೊಲ್ಲಾಸಿನಾ ಮತ್ತಿತರರು ವಾದಿಸಿದರು. 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ ಎಂದು ಭೂವಿಜ್ಞಾನ ಸಚಿವಾಲಯದ 2020ರ ವರದಿಯೂ ಹೇಳಿತು. ಹಾಗಿದ್ದರೆ ಇದ್ದಲು ನಿಂತ ದಿನ ಮುಂಗಾರು ಚೇತರಿಸಿಕೊಳ್ಳುತ್ತದೆಯೇ? ಅಥವಾ ಪರದೆ ಸರಿದು ಇದುವರೆಗೆ ಮರೆಯಾಗಿದ್ದ ಬಿಸಿ ಒಮ್ಮೆಲೇ ಮೈಮೇಲೆ ಬರುತ್ತದೆಯೇ? ಎರಡೂ ಆಗಬಹುದು. ಯಾವುದು ಎಷ್ಟು ಎಂಬುದನ್ನು ಈಗಿನ ಮಾದರಿಗಳು ಒಂದೇ ದನಿಯಲ್ಲಿ ಹೇಳುತ್ತಿಲ್ಲ.

ಮೂರನೆಯದು ಗಾಳಿಯದೇ. ಹಿಂದೂ ಮಹಾಸಾಗರ ಕಾಯುತ್ತಿರುವುದರಿಂದ ಭಾರತದ ಗಾಳಿ ಶಕ್ತಿ 1980ರಿಂದೀಚೆಗೆ ಶೇ 13ರಷ್ಟು ಕುಗ್ಗಿದೆ ಎಂದು 2018ರ ಒಂದು ಅಧ್ಯಯನ ಹೇಳಿತು. ಹವಾಮಾನ ಉಳಿಸಲು ನಿಲ್ಲಿಸಿದ ಫ್ಯಾನಿನ ಗಾಳಿಯನ್ನೇ ಕೆಟ್ಟ ಹವಾಮಾನ ಕಸಿದುಕೊಳ್ಳಬಹುದು. ಇಪ್ಪತ್ತೈದು ವರ್ಷಕ್ಕೆ ಆಯುಷ್ಯ ಮುಗಿಯುವ ಹಳೆಯ ಯಂತ್ರಗಳನ್ನು ಗುಡ್ಡದಿಂದ ಇಳಿಸುವವರು ಯಾರು, ಕರಗದ ಆ ರೆಕ್ಕೆಗಳನ್ನು ಎಲ್ಲಿ ಹೂಳುತ್ತಾರೆ ಎಂಬ ಪ್ರಶ್ನೆಯೂ ಇದರ ಬೆನ್ನಿಗಿದೆ.

ಕೊನೆಯದಕ್ಕೆ ಜಗತ್ತಿನ ವಿಜ್ಞಾನಿಗಳು ಬೇಕಿಲ್ಲ, ನಾವೇ ಸಾಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿಗೊಂದರಂತೆ ಟೆಲಿಮೆಟ್ರಿಕ್ ಮಳೆಮಾಪಕ ಇಟ್ಟಿದೆ. ಯಾವ ಹೊಲದಲ್ಲಿ ಯಾವ ವರ್ಷ ಫ್ಯಾನು ನಿಂತಿತು ಎಂಬುದು ಸರ್ಕಾರದ ಕಡತದಲ್ಲಿದೆ. ಕಪ್ಪತಗುಡ್ಡದ ಬುಡದಲ್ಲೇ, ನಾಗಾವಿಯಲ್ಲಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅಲ್ಲಿಯ ನಾಲ್ಕು ಮಂದಿ ವಿದ್ಯಾರ್ಥಿಗಳು ಡಂಬಳ, ಡೋಣಿ, ಕಡಕೋಳ, ಮಾಗಡಿಯ ಮಳೆಯ ಅಂಕಿಗಳನ್ನೂ ಫ್ಯಾನುಗಳ ಇಸವಿಗಳನ್ನೂ ಕಡಿದ ಒಡ್ಡುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಲಿ. ಚಹಾದಂಗಡಿಯ ಕಟ್ಟೆಯ ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಆ ಕಟ್ಟೆಗೇ ಬರಬೇಕು.